ಎತ್ತರ ಕಡಿಮೆ ಬಿದ್ದ ವರ್ಷ

ಮಸ್ಕಿಯಲ್ಲಿ ನಮ್ಮ ಕಿರಾಣಿ ಅಂಗಡಿ ಇರುವುದು ಬಸ್ ಸ್ಟ್ಯಾಂಡಿನ ದಾರಿಯಲ್ಲಿ. ಅಂಗಡಿಯ ಕಟ್ಟೆಯ ಮೇಲೆ ನಿಂತರೆ ಒಂದು ಬಸ್ಸು ಸಿಂಧನೂರಿಗೆ ಹೋಗುತ್ತದೆ, ಇನ್ನೊಂದು ಲಿಂಗಸುಗೂರಿಗೆ. ದೂರ ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ. ಪಿಯುಸಿ ಮುಗಿಸಿದ ವರ್ಷ ನಾನು ಲಿಂಗಸುಗೂರಿನ ಬಸ್ಸು ಹತ್ತುವವಳಿದ್ದೆ. ಹೋದದ್ದು ಸಿಂಧನೂರಿಗೆ. ಯಾಕೆ ಹೋದೆ ಅನ್ನುವುದು ಆರು ತಿಂಗಳು ನನಗೆ ಗೊತ್ತಿದೆ ಅಂದುಕೊಂಡೇ ಇದ್ದೆ.

ನಾನು ಖೋ ಖೋ ಆಡುತ್ತಿದ್ದೆ. ಚೆನ್ನಾಗಿ ಆಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾಕೆಂದರೆ ನಾನು ಚೆನ್ನಾಗಿ ಮಾಡುತ್ತಿದ್ದದ್ದು ಅದೊಂದೇ. ನನ್ನ ಜೋಡಿ ಒಬ್ಬಳಿದ್ದಳು, ನಮ್ಮ ಓಣಿಯ ಗಾದಿ ಹೊಲಿಯುವ ಚಾಚಾನ ಮಗಳು. ನನಗಿಂತ ಎರಡು ಬೆರಳು ಎತ್ತರ, ಓಟದಲ್ಲಿ ಎರಡು ಹೆಜ್ಜೆ ಹಿಂದೆ. ಹೈಸ್ಕೂಲಿನಿಂದ ನಮಗೆ ಕಲಿಸಿದವರು ಪಿ.ಟಿ. ಸರ್ ಒಬ್ಬರೇ. ಟೂರ್ನಮೆಂಟಿಗೆ ವಯಸ್ಸಿನ ದಾಖಲೆ ಬೇಕೆಂದು ನಮ್ಮ ಮಾರ್ಕ್ಸ್ ಕಾರ್ಡು, ಜನನ ಪತ್ರ, ಎಲ್ಲವೂ ವರ್ಷಗಟ್ಟಲೆ ಅವರ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತಿದ್ದವು. ನಮ್ಮ ಅವ್ವನ ಟ್ರಂಕಿನಲ್ಲಿ ನನ್ನದೊಂದು ಕಾಗದವೂ ಇರಲಿಲ್ಲ. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಅಪ್ಪನಂತೂ ನಾನು ಗೆದ್ದ ಕಪ್‌ಗಳನ್ನು ಸೋಪು, ಊದಿನಕಡ್ಡಿ ಇಡುವ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ್ದ. ಒಂದು ಪಾವು ಎಣ್ಣೆಗೆ ಬಂದವರೂ ಅವುಗಳ ಕತೆ ಕೇಳಿಯೇ ಹೋಗಬೇಕಿತ್ತು. ಊರಲ್ಲಿ ಆಟವಿದ್ದರೆ ಸಂತೆಯ ದಿನವಾದರೂ ಸರಿ, ಅರ್ಧ ಶಟರ್ ಎಳೆದು ಬಂದು ಬಿಸಿಲಿನಲ್ಲಿ ನಿಂತು ಕೂಗುತ್ತಿದ್ದ. ಅವನ ದನಿ ಕೇಳಿದರೆ ನನಗೆ ಇನ್ನೊಂದು ಸುತ್ತು ಓಡುವ ಬಲ ಬರುತ್ತಿತ್ತು. ಇದು ಸುಳ್ಳಲ್ಲ. ಮುಂದಿನದನ್ನು ಹೇಳುವಾಗಲೂ ಇದು ಸುಳ್ಳಲ್ಲ.

ಪಿಯುಸಿಯ ಕೊನೆಯ ವರ್ಷ ಲಿಂಗಸುಗೂರಿನಲ್ಲಿ ಆಡಲು ಹೋದಾಗ ಅಲ್ಲಿಯ ಒಂದು ಡಿಗ್ರಿ ಕಾಲೇಜಿನ ಮೇಡಂ ನಮ್ಮ ಆಟ ನೋಡಿದರು. ತಾವೂ ಆಡಿ ಬಂದವರು, ಮೊಣಕೈ ತುಂಬ ಹಳೇ ಗಾಯದ ಕಲೆಗಳು. ಆಟ ಮುಗಿದ ಮೇಲೆ ಗೆಳತಿಯನ್ನೂ ನನ್ನನ್ನೂ ತಮ್ಮ ಕಾಲೇಜಿಗೆ ಕರೆದರು. ನನಗೆ ಅಂದರು:

"ನಿನ್ನ ಕಾಲಾಗ ಓಟ ಐತಿ. ಪೋಲ್ ಡೈವ್ ಒಂದ ಬರವಲ್ದು. ನನ್ನ ಹತ್ರ ಬಾ, ಕಲಸ್ತೀನಿ."

ಖೋ ಖೋ ಅಂಗಳದ ಎರಡು ತುದಿಗೆ ಎರಡು ಕಂಬಗಳಿರುತ್ತವೆ. ಅಟ್ಟಿಸಿಕೊಂಡು ಬಂದವಳು ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಚೆಲ್ಲಿ, ತಪ್ಪಿಸಿಕೊಂಡೆ ಅಂದುಕೊಂಡವಳನ್ನು ಇನ್ನೊಂದು ಕೈಯಿಂದ ಮುಟ್ಟಿಬಿಡುವುದೇ ಪೋಲ್ ಡೈವ್. ಅದು ಬಂದರೆ ಯೂನಿವರ್ಸಿಟಿ ಟೀಮು. ಕಾಲೇಜು ಆರಿಸಿಕೊಳ್ಳುವವರು ಲ್ಯಾಬು ನೋಡುತ್ತಾರೆ, ಲೈಬ್ರರಿ ನೋಡುತ್ತಾರೆ, ಮುಂದೆ ಸಿಗುವ ನೌಕರಿ ನೋಡುತ್ತಾರೆ. ನಾನು ಆರಿಸಿಕೊಂಡದ್ದು ಒಂದು ಕಂಬವನ್ನು.

ರಿಸಲ್ಟ್ ಬಂದ ಮೇಲೆ ಪಿ.ಟಿ. ಸರ್ ಇಬ್ಬರ ಟಿಸಿ ಕೇಳಿದರು. "ಕೊಡ್ರಿ, ಸ್ಪೋರ್ಟ್ಸ್ ಕೋಟಾದಾಗ ನಾನ ಹಾಕ್ಸತೀನಿ." ಟಿಸಿ ಅನ್ನುವುದು ಒಂದೇ ಒಂದು ಕಾಗದ. ಅದು ಯಾವ ಕಾಲೇಜಿನ ಫೈಲಿಗೆ ಸೇರುತ್ತದೋ ಹುಡುಗಿಯೂ ಅಲ್ಲಿಗೇ ಸೇರಬೇಕು. ನಾನು ಎರಡು ಮಾತಾಡದೆ ಕೊಟ್ಟೆ. ಚಾಚಾ ಕೊಡಲಿಲ್ಲ.

"ಕಾಗದ ನಾನ ಒಯ್ತೀನ್ರಿ ಸರ್," ಅಂದರು. "ಪೋರಿ ಎಲ್ಲಿ ಮಲಗತಾಳ, ಅದನ್ನೂ ನೋಡಿದಂಗ ಆಗ್ತೈತಿ."

ನಿಜ ಹೇಳುತ್ತೇನೆ, ಹಾಸ್ಟೆಲ್ಲಿಗೆ ಕಳಿಸಲು ಅಡ್ಡಿ ಬಂದರೆ ಆ ಮನೆಯಿಂದಲೇ ಬರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಚಾಚಾ ಲಿಂಗಸುಗೂರಿನ ಬಸ್ಸು ಹತ್ತಿ ಹೋಗಿ, ಹಾಸ್ಟೆಲ್ಲಿನ ಮಂಚಕ್ಕೆ ಟೇಪು ಹಿಡಿದು ಅಳತೆ ತಂದರು. ವಾರದಲ್ಲಿ ಎರಡು ಸಣ್ಣ ಗಾದಿ ಹೊಲಿದರು. ಒಂದು ಮಗಳಿಗೆ, ಒಂದು ನನಗೆ.

ಗಾದಿ ಸಿದ್ಧವಾದ ಎರಡು ದಿನಕ್ಕೆ ಪಿ.ಟಿ. ಸರ್ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕುಳಿತು, ಅಪ್ಪ ಕೊಟ್ಟ ಸೋಡಾ ಕುಡಿದು, ನನ್ನ ಕಡೆ ತಿರುಗಿದರು.

"ಮೇಡಂ ನಿನ್ನ ಬ್ಯಾಡ ಅಂದ್ರವ್ವ. ಎತ್ತರ ಕಡಿಮಿ ಬಿತ್ತಂತ. ನಾ ಭಾಳ ಹೇಳ್ದೆ, ಕೇಳಲಿಲ್ಲ. ಚಿಂತಿ ಮಾಡಬ್ಯಾಡ, ಸಿಂಧನೂರಾಗ ಹಾಕ್ಸೀನಿ. ಫೀ ಇಲ್ಲ. ವ್ಯಾನು ನಿಮ್ಮ ಅಂಗಡಿ ಮುಂದ ಬಂದು ನಿಂದರ್ತೈತಿ."

ಟಿಸಿ ಆಗಲೇ ಸಿಂಧನೂರಿನ ಫೈಲಿನಲ್ಲಿತ್ತು. ಅಪ್ಪ ಸಕ್ಕರೆ ತೂಗುತ್ತಿದ್ದ. ಅಷ್ಟು ಹೊತ್ತೂ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಪಾಪ, ನನ್ನಷ್ಟೇ ನೊಂದಿದ್ದಾನೆ ಅಂದುಕೊಂಡೆ.

ಆ ಎರಡು ಬೆರಳು ನನ್ನನ್ನು ತಿಂದುಹಾಕಿತು. ಅವಳು ಎತ್ತರ, ಅವಳನ್ನು ತೆಗೆದುಕೊಂಡರು. ನಾನು ಗಿಡ್ಡಿ, ನನ್ನನ್ನು ಬಿಟ್ಟರು. ಇದರಲ್ಲಿ ಅನುಮಾನ ಪಡುವುದೇನಿತ್ತು? ಅಂಗಡಿಯ ಹಿಂದಿನ ಗೋದಾಮಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಪಟ್ಟಿ ಇಟ್ಟು, ಸೀಮೆಸುಣ್ಣದಿಂದ ಗೀಟು ಹಾಕಿಕೊಳ್ಳತೊಡಗಿದೆ. ಪ್ರತಿ ಸೋಮವಾರ ಒಂದು ಗೀಟು. ಎಲ್ಲ ಗೀಟುಗಳೂ ಒಂದರ ಮೇಲೊಂದು ಬಿದ್ದು ದಪ್ಪಗಾದವೇ ಹೊರತು ಮೇಲೇರಲಿಲ್ಲ. ಒಂದು ಸೋಮವಾರ ಅಪ್ಪ ಅಕ್ಕಿ ಚೀಲ ತೆಗೆಯಲು ಬಂದವನು ನನ್ನನ್ನು ನೋಡಿದ. ತಲೆಯ ಮೇಲೆ ಕೈಯಿಟ್ಟು, "ಬೆಳೀತಿ ಬಿಡವ್ವ, ಇನ್ನೂ ವಯಸ್ಸೈತಿ," ಅಂದ.

ಗೆಳತಿ ಹಾಸ್ಟೆಲ್ಲಿಗೆ ಹೊರಟ ದಿನ ಹೇಳಿಹೋಗಲು ಅಂಗಡಿಗೆ ಬಂದಿದ್ದಳು. ನಾನು ಗೋದಾಮಿನಲ್ಲಿ ಚೀಲಗಳ ಸಂದಿಯಲ್ಲಿ ಕುಳಿತು, ಇಲ್ಲ ಅಂತ ಹೇಳಪ್ಪಾ ಅಂದಿದ್ದೆ. "ಇಲ್ಲವ್ವ, ಸಿಂಧನೂರಿಗೆ ಹೋಗ್ಯಾಳ," ಅಂತ ಅಪ್ಪ ಒಂದಿಷ್ಟೂ ತಡವರಿಸದೆ ಹೇಳಿದ. ಆಮೇಲೆ ಅವಳ ಫೋನು ಬಂದರೂ ನಾನು ಎತ್ತಲಿಲ್ಲ.

ಸಿಂಧನೂರಿನ ಕಾಲೇಜಿಗೆ ಮುಂದುಗಡೆ ಗಾಜಿತ್ತು, ಹಿಂದುಗಡೆ ವ್ಯಾನು ನಿಲ್ಲಿಸುವ ಜಾಗವಿತ್ತು. ಅದನ್ನೇ ಗ್ರೌಂಡು ಅನ್ನುತ್ತಿದ್ದರು. ಕಂಬ ನೆಡುತ್ತೇವೆ ಅಂದವರು ನೆಡಲೇ ಇಲ್ಲ. ಆದರೆ ಸೇರಿದ ಮೊದಲ ವಾರದಲ್ಲೇ ನನ್ನ ಹೈಸ್ಕೂಲಿನ ಫೋಟೋ ಹಾಕಿ 'ನಮ್ಮ ಹೆಮ್ಮೆಯ ಕ್ರೀಡಾಪಟು' ಅಂತ ಸರ್ಕಲ್ಲಿನಲ್ಲಿ ಫ್ಲೆಕ್ಸು ಕಟ್ಟಿಸಿದ್ದರು. ಅಪ್ಪ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಅದೇ ಕಾಲೇಜಿನಲ್ಲಿ ನಮ್ಮ ಪಿ.ಟಿ. ಸರ್ ಕ್ರೀಡಾ ನಿರ್ದೇಶಕರಾಗಿ ಸೇರಿದ್ದರು. ಅದು ಕಾಕತಾಳೀಯ ಅಂತ ನಂಬಿದ ನನ್ನ ಬುದ್ಧಿಗೆ ಏನನ್ನಬೇಕೋ ತಿಳಿಯದು.

ದೀಪಾವಳಿ ಮುಗಿದ ಮೇಲೆ ಅಂತರ ಕಾಲೇಜು ಪಂದ್ಯಕ್ಕೆ ಒಂದು ಟೀಮು ಕಟ್ಟಿದರು. ಅರ್ಧ ಮಂದಿಗೆ ನಿಯಮವೇ ಗೊತ್ತಿರಲಿಲ್ಲ. ಸರ್‌ಗೆ ಏನೋ ಮೀಟಿಂಗ್ ಇತ್ತಂತೆ, ಒಬ್ಬ ಗುಮಾಸ್ತರನ್ನು ಜೊತೆ ಮಾಡಿ ವ್ಯಾನು ಲಿಂಗಸುಗೂರಿಗೆ ಕಳಿಸಿದರು. ಮೊದಲ ಆಟವೇ ಅದೇ ಮೇಡಂ ಟೀಮಿನ ಮೇಲೆ. ನಾನೊಬ್ಬಳೇ ಸ್ವಲ್ಪ ಹೊತ್ತು ಉಳಿದೆ. ಕಂಬದ ಹತ್ತಿರ ತಿರುಗಿ, ತಪ್ಪಿಸಿಕೊಂಡೆ ಅಂದುಕೊಂಡಾಗ ಬೆನ್ನಿಗೆ ಒಂದು ಕೈ ತಾಗಿತು. ತಿರುಗಿ ನೋಡಿದರೆ ಗೆಳತಿ ಕೆಮ್ಮಣ್ಣಿನಲ್ಲಿ ಉದ್ದಕ್ಕೆ ಬಿದ್ದಿದ್ದಳು, ಒಂದು ಕೈ ಇನ್ನೂ ಕಂಬದ ಬುಡದಲ್ಲಿತ್ತು. ಪೋಲ್ ಡೈವ್ ಕಲಿತಿದ್ದಳು. ನನ್ನ ಹೊಟ್ಟೆ ಉರಿದುಹೋಯಿತು.

ಆಟ ಮುಗಿದ ಮೇಲೆ ಮೇಡಂ ತಾವಾಗಿಯೇ ನನ್ನ ಹತ್ತಿರ ಬಂದರು. ಗೆಳತಿ ಅವರ ಹಿಂದೆ ನಿಂತಿದ್ದಳು.

"ಏನವ್ವಾ, ಮದುವಿ ಆತೇನು?"

"ಯಾರ ಮದುವಿ ಮೇಡಂ?"

"ನಿಂದ. ನಿಮ್ಮಪ್ಪ ಬ್ಯಾಡ ಅಂದಾನ, ಸಂಬಂಧ ನೋಡಾಕತ್ತಾರ ಅಂತ ನಿಮ್ಮ ಸರ್ ಹೇಳಿದ್ರು. ಆದ್ರೂ ಅಡ್ಮಿಷನ್ ಮುಗಿಯೂ ತನಾ ನಿನ್ನ ಹೆಸರು ನಾ ಹೊಡದ್ ಹಾಕಲಿಲ್ಲ."

"ನೀವ ನನ್ನ ಬ್ಯಾಡ ಅಂದ್ರಂತಲ್ರಿ. ಎತ್ತರ ಕಡಿಮಿ ಅಂತ."

ಮೇಡಂ ನನ್ನನ್ನು ನೋಡಿದರು, ಆಮೇಲೆ ತಮ್ಮನ್ನೇ ನೋಡಿಕೊಂಡರು. ಆಗ ಗಮನಿಸಿದೆ, ಅವರು ನನಗಿಂತ ಗಿಡ್ಡ ಇದ್ದರು. "ಖೋ ಖೋದಾಗ ಎತ್ತರ ತಗೊಂಡು ಏನ್ ಮಾಡೂದೈತಿ ತಂಗಿ," ಅಂದರು.

ವ್ಯಾನಿನಲ್ಲಿ ಮಸ್ಕಿ ಮುಟ್ಟುವವರೆಗೂ ನಾನು ಸರ್ ಅವರನ್ನು ಶಪಿಸಿದೆ. ನಂಬಿದ ಎಮ್ಮೆ ಕೋಣ ಈದ ಹಾಗಾಗಿತ್ತು. ನನ್ನ ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳುವಷ್ಟು ಧೈರ್ಯವೇ ಇವರಿಗೆ! ಅಪ್ಪನಿಗೆ ತಿಳಿದರೆ ಸಿಂಧನೂರಿಗೇ ಹೋಗಿ ಕೊರಳಪಟ್ಟಿ ಹಿಡಿಯುತ್ತಾನೆ ಅಂದುಕೊಂಡೆ. ವ್ಯಾನಿನಿಂದ ಇಳಿದವಳೇ ಅಂಗಡಿಗೆ ನುಗ್ಗಿದೆ. ಅಪ್ಪ ತೊಗರಿಬೇಳೆಯ ಪೊಟ್ಟಣ ಕಟ್ಟುತ್ತಿದ್ದ.

"ಅಪ್ಪಾ, ಸರ್ ನಿನ್ನ ಹೆಸರ ಮ್ಯಾಲ ಸುಳ್ಳು ಹೇಳ್ಯಾರ."

"ಏನಂತ?"

"ನೀ ಬ್ಯಾಡ ಅಂದಿ ಅಂತ. ನನಗ ಸಂಬಂಧ ನೋಡಾಕತ್ತೀರಿ ಅಂತ."

ಅಪ್ಪ ಪೊಟ್ಟಣಕ್ಕೆ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದ. "ಸಂಬಂಧದ್ದು ಅವರ ಸೇರ್ಸಿರಬೇಕು," ಅಂದ.

"ಬ್ಯಾಡ ಅಂದದ್ದು?"

"ನಾನ ಅಂದಿದ್ದೆ."

ಅಪ್ಪನೇ ಮುಂದುವರಿಸಿದ. "ಆ ಟೀಮು ಊರೂರು ತಿರುಗತೈತಿ. ಎಂಟೆಂಟು ದಿನ ರೈಲಿನ್ಯಾಗ. ಮಂದಿ ಸುಮ್ಮನ ಇರ್ತಾರೇನು? ನಿನ್ನ ಮಾರಿ ನೋಡಿ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಅದಕ್ಕ ಸರ್‌ಗೆ ಅಂದೆ, ನೀವ ಏನಾರ ಹೇಳಿ ತಪ್ಪಸ್ರಿ ಅಂತ."

"ಎತ್ತರ?"

"ಅದು ಅವರ ಹಚ್ಚಿದ್ದು."

"ನಾ ಬಾಗಲಕ್ಕ ಗೀಟು ಹಾಕೂದು ನೀ ನೋಡಿದ್ದಿಲ್ಲೇನು?"

"ನೋಡಿದ್ದೆ," ಅಂದ ಅಪ್ಪ.

ಸರ್‌ಗೆ ಇದರಿಂದ ಕಷ್ಟವೇನೂ ಆಗಿರಲಿಕ್ಕಿಲ್ಲ. ಸಿಂಧನೂರಿನ ಕಾಲೇಜು ಆಟಗಾರರನ್ನು ಕರೆತಂದರೆ ಕೆಲಸ ಕೊಡುತ್ತೇವೆ ಅಂದಿತ್ತು ಅನ್ನುವುದು ಆಮೇಲೆ ತಿಳಿಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವರ ಮೇಲಿನ ಸಿಟ್ಟು ಒಂದೆರಡು ವರ್ಷದಲ್ಲಿ ಆರಿತು. ಆರದಿರುವುದು ಇನ್ನೊಂದು. ಅಪ್ಪ ಎದುರಿಗೆ ನಿಂತು ಬೇಡ ಅಂದಿದ್ದರೆ ನಾನು ಅಳುತ್ತಿದ್ದೆ, ಊಟ ಬಿಡುತ್ತಿದ್ದೆ, ಜಗಳಾಡುತ್ತಿದ್ದೆ. ಕೊನೆಗೆ ಸೋತಿದ್ದರೂ ಅಪ್ಪನಿಗೆ ಸೋತಿರುತ್ತಿದ್ದೆ. ಅವನು ನನ್ನನ್ನು ನನ್ನ ಮೈಗೇ ಸೋಲಿಸಿದ. ಖೋ ಖೋದಲ್ಲಿ ಖೋ ಕೊಡುವವಳು ಬೆನ್ನ ಹಿಂದೆಯೇ ಬಂದು ಕೊಡಬೇಕು, ಕೊಟ್ಟು ಅದೇ ಜಾಗದಲ್ಲಿ ಸುಮ್ಮನೆ ಕುಳಿತುಬಿಡಬೇಕು. ಅಪ್ಪ ಅಷ್ಟು ವರ್ಷ ಬಿಸಿಲಲ್ಲಿ ನಿಂತು ಆಟ ನೋಡಿದ್ದು ದಂಡವಾಗಲಿಲ್ಲ.

ಮರುದಿನ ಚಾಚಾನ ಅಂಗಡಿಗೆ ಹೋದೆ. ನನ್ನ ಗಾದಿ ಅಟ್ಟದ ಮೇಲೆ ಹಾಗೇ ಇತ್ತು. "ಮಂಚದ ಅಳತಿಗೆ ಹೊಲದದ್ದು ಬೇಟಿ, ಬ್ಯಾರೆಯವ್ರಿಗೆ ಹ್ಯಾಂಗ ಮಾರಲಿ," ಅಂದರು. ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು, ಬಜಾರದ ನಡುವೆ ಅಪ್ಪನ ಮುಂದೆಯೇ ಮನೆಗೆ ಒಯ್ದೆ. ಮುಂದಿನ ವರ್ಷ ಬಾ ಅಂತ ಮೇಡಂ ಹೇಳಿ ಕಳಿಸಿದ್ದರು. ಬೇಕಾದರೆ ಹೋಗು ಅಂತ ಅಪ್ಪನೂ ಅಂದ. ನಾನು ಹೋಗಲಿಲ್ಲ. ಆಟವನ್ನೇ ಬಿಟ್ಟೆ. ಅಪ್ಪನಿಗೆ ಉರಿಯಲಿ ಅಂತ ಬಿಟ್ಟೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಅವ್ವ ಹೇಳಿದ್ದಳು, ಆಗ ಅದು ನನ್ನ ಕಿವಿಗೆ ಬೀಳಲಿಲ್ಲ.

ಈಗ ತುರ್ವಿಹಾಳದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಭಾನುವಾರ ಅಪ್ಪನ ಜೊತೆ ಅಂಗಡಿಯಲ್ಲಿರುತ್ತೇನೆ. ಮಾತು ಕತೆ ಎಲ್ಲ ಇದೆ, ಚಹಾ ಮಾಡಿಕೊಡುತ್ತೇನೆ, ಮಂಡಿನೋವಿಗೆ ಎಣ್ಣೆ ಕಾಸಿಕೊಡುತ್ತೇನೆ. ಆದರೆ ಅವನು ಏನೇ ಹೇಳಲಿ, ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಹೋದ ತಿಂಗಳು ಒಬ್ಬರು ಮಗಳನ್ನು ಕರೆದುಕೊಂಡು ಸಾಮಾನಿಗೆ ಬಂದರು. ಹುಡುಗಿ ಟ್ರ್ಯಾಕ್ ಪ್ಯಾಂಟಿನಲ್ಲಿದ್ದಳು, ಮೊಣಕಾಲಿಗೆ ಪಟ್ಟಿ. ಕಬಡ್ಡಿ ಆಡುತ್ತಾಳಂತೆ, ಪಿಯುಸಿ ಮುಗಿದಿದೆಯಂತೆ, ಕಾಲೇಜು ಹುಡುಕುತ್ತಿದ್ದಾರಂತೆ. ಅಪ್ಪ ಬೆಲ್ಲ ತೂಗುತ್ತಾ ಗಾಜಿನ ಕಪಾಟು ತೋರಿಸಿದ.

"ನಮ್ಮ ಮಗಳೂ ಭಾಳ ಚಲೋ ಆಡತಿದ್ಲರೀ. ಯೂನಿವರ್ಸಿಟಿಗೆ ಆಡಬೇಕಾದಾಕಿ. ಎತ್ತರ ಒಂದು ಕಡಿಮಿ ಬಿತ್ತು. ಲಿಂಗಸುಗೂರನವ್ರು ತಗೋಲಿಲ್ಲ."

ದನಿಯಲ್ಲಿ ನಿಜವಾದ ನೋವಿತ್ತು. ಅವನು ಅದನ್ನು ನಂಬಿಬಿಟ್ಟಿದ್ದ. ಆ ಹುಡುಗಿ, ನನಗಿಂತಲೂ ಗಿಡ್ಡ ಇದ್ದವಳು, ಮೆಲ್ಲಗೆ ಹಿಮ್ಮಡಿ ಎತ್ತಿ ನಿಂತದ್ದನ್ನು ನಾನು ನೋಡಿದೆ.

"ಎತ್ತರದ್ದೇನೂ ಅಲ್ಲ," ಅಂದೆ ಆ ಹುಡುಗಿಗೆ. "ನನ್ನ ಯಾವ ಕಾಲೇಜಿನವ್ರೂ ಬ್ಯಾಡ ಅಂದಿಲ್ಲ. ನಮ್ಮಪ್ಪ ಬ್ಯಾಡ ಅಂದ. ನಿನ್ನ ಟಿಸಿ ಯಾರ ಹತ್ರ ಐತಿ?"

ಹುಡುಗಿ ಒಮ್ಮೆ ನನ್ನನ್ನೂ ಒಮ್ಮೆ ಪಕ್ಕದಲ್ಲಿದ್ದ ತನ್ನ ತಂದೆಯನ್ನೂ ನೋಡಿದಳು.

"ಅಪ್ಪನ ಹತ್ರ ಐತ್ರಿ ಅಕ್ಕಾರ."

"ಇಸ್ಕೋ," ಅಂದೆ. "ಇಸ್ಕೊಂಡು ನಿನ್ನ ಹತ್ರನ ಇಟ್ಕೋ."

ಅಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ.