ಆನೆಯ ಕಾಲ ಬಳಿಯ ತೂತು

ಈ ಶತಮಾನ ಶುರುವಾದ ಹೊಸತರಲ್ಲಿ ನಾನು ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕಾರಕೂನನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ಒಂದು ದಿನ ಸಾಹುಕಾರರು ನನ್ನನ್ನು ಹತ್ತಿಯ ಲೆಕ್ಕದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚಿದರು. ಊರೂರು ತಿರುಗಿ ಹಳೆಯ ಕಸೂತಿ ಸೀರೆಗಳನ್ನು ಕೊಂಡು ತರಬೇಕು.

ಬಡತನದಲ್ಲಿ ಬೆಳೆದು ಗಿರಣಿಗಳನ್ನು ಕಟ್ಟಿದ ಮನುಷ್ಯ ಅವರು. ಮನೆಯ ಮೇಲಂತಸ್ತಿನ ತುಂಬ ಗಾಜಿನ ಚೌಕಟ್ಟುಗಳು. ಅವುಗಳೊಳಗೆ ಕಿತ್ತೂರು, ಸಂಪಗಾಂವ, ರಾಮದುರ್ಗ ಕಡೆಯಿಂದ ಬಂದ ಸೀರೆಗಳು. ಗೋಪುರ, ತೊಟ್ಟಿಲು, ನವಿಲು, ಆನೆ, ಎಲ್ಲವೂ ಸೂಜಿಯ ಕೆಲಸ. ನೋಡಲು ಬಂದವರು ಅವರ ರಸಿಕತೆಯನ್ನು ಹೊಗಳುತ್ತಿದ್ದರು. ಆದರೆ ಹೊಸ ಸೀರೆ ಬಂದಾಗ ಸಾಹುಕಾರರ ಹೆಬ್ಬೆರಳು ಮೊದಲು ಹೋಗುತ್ತಿದ್ದುದು ಸೆರಗಿನ ಮೂಲೆಗೆ. ಏಕೆಂದು ನಾನು ಕೇಳಲಿಲ್ಲ. ನನಗೆ ಹಾಕಿದ ಕಟ್ಟಳೆ ಒಂದೇ: “ಹೆಂಗ ಐತಿ ಹಂಗ ತರ್ರಿ, ಕಾರಕೂನರ. ತೊಳಸಬ್ಯಾಡ್ರಿ, ರಿಪೇರಿ ಮಾಡಸಬ್ಯಾಡ್ರಿ.”

ಮುನವಳ್ಳಿಯಲ್ಲಿ ಒಬ್ಬ ಅಜ್ಜಿ ಟ್ರಂಕಿನಿಂದ ಕಪ್ಪು ಚಂದ್ರಕಾಳಿ ಸೀರೆ ತೆಗೆದಳು. ಸೆರಗಿನ ಮೂಲೆಯಲ್ಲಿ ಆನೆಯ ಒಂದು ಕಾಲು ಸುಟ್ಟು ತೂತಾಗಿತ್ತು.

“ನಮ್ಮತ್ತಿ ತಗೊಂಡಾಗಿಂದ ಹಿಂಗ ಐತ್ರಿ. ಆನಿಗೆ ಮೂರ ಕಾಲು ಅಂತ ನಿಮ್ಮ ಸಾವ್ಕಾರ್ರು ರೊಕ್ಕ ಮುರಕೊಂಡಾರು,” ಎಂದು ನಕ್ಕಳು.

ಅಂಥ ಸೂಕ್ಷ್ಮ ಕೆಲಸವನ್ನು ತೂತಿನ ಸಮೇತ ಒಯ್ಯಲು ಮನಸ್ಸಾಗಲಿಲ್ಲ. ಶಾಭಾಸ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು. ಬೆಳಗಾವಿಯಲ್ಲಿ ರಫೂ ಮಾಡುವ ಒಬ್ಬ ಮುದುಕರಿಗೆ ಕೊಟ್ಟೆ. ರಫೂ ಎಂದರೆ ಅದೇ ಬಟ್ಟೆಯ ಎಳೆಗಳಿಂದ ಹರಿದ ಜಾಗವನ್ನು ನೇಯ್ದಂತೆ ತುಂಬುವುದು. ಅವರು ಆನೆಯ ಕಾಲನ್ನೂ ಹೊಲಿದರು. ತೂತು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

ಸೀರೆ ಬಿಚ್ಚಿದಾಗ ಸಾಹುಕಾರರು ಸೆರಗಿನ ಮೂಲೆಯನ್ನು ಬೆಳಕಿಗೆ ಹಿಡಿದರು. ಆನೆಯ ಕಾಲನ್ನು ಮತ್ತೆ ಮತ್ತೆ ಸವರಿದರು.

“ಎಲ್ಲಾ ಅದರಂಗ ಐತಿ. ಆದ್ರ ಇದಲ್ಲ.”

ಅಂದೇ ಅವರು ಮೊದಲ ಸಲ ಹೇಳಿದ್ದು. ಅವರನ್ನು ಹೈಸ್ಕೂಲಿಗೆ ಸೇರಿಸಲು ತಾಯಿ ತಾವೇ ಕಸೂತಿ ಹಾಕಿದ ಮದುವೆ ಸೀರೆಯನ್ನು ಮಾರಿದ್ದರು. ಚಿಕ್ಕಂದಿನಲ್ಲಿ ಒಲೆಯ ಮುಂದೆ ಇವರು ಸೆರಗು ಜಗ್ಗಿದಾಗ ಕಿಡಿ ಬಿದ್ದು ಆನೆಯ ಕಾಲು ಸುಟ್ಟಿತ್ತು.

“ಆನಿ ಎಲ್ಲಾರೂ ಹಾಕ್ತಾರ್ರಿ. ಆ ತೂತು ಒಂದ ನಮ್ಮವ್ವಂದು.”

ರಫೂ ಮಾಡಿಸಿದ್ದನ್ನು ನಾನು ಮುಚ್ಚಿಟ್ಟೆ. ಮಾತು ಮೀರಿದ್ದಕ್ಕೆ ಕೆಲಸ ಹೋದೀತೆಂಬ ಭಯ. ಸೀರೆ ಉಳಿದವುಗಳ ಜೊತೆ ಗಾಜಿನೊಳಗೆ ಸೇರಿತು. ಆಮೇಲೂ ಎಷ್ಟೋ ವರ್ಷ ಸವದತ್ತಿ, ಸಾಲಹಳ್ಳಿ ಎಂದು ನನ್ನನ್ನು ಕಳಿಸುತ್ತಲೇ ಇದ್ದರು. ನಾನು ತಿರುಗಿ ಬಂದಾಗ ಒಮ್ಮೊಮ್ಮೆ ಅದೇ ಚೌಕಟ್ಟಿನ ಪಕ್ಕ ನಿಂತು ಕೇಳುತ್ತಿದ್ದರು.

“ಸಿಕ್ತೇನ್ರಿ?”

“ಇನ್ನಾ ಇಲ್ರಿ.”

ಹೋದ ವರ್ಷ ಅವರ ಕಣ್ಣು ಪೂರ್ತಿ ಹೋದವೆಂದು ಕೇಳಿ, ನಿವೃತ್ತನಾಗಿದ್ದ ನಾನು ನೋಡಲು ಹೋದೆ. ಎಲ್ಲವನ್ನೂ ಹೇಳಿದೆ. ಸೀರೆಯನ್ನು ಚೌಕಟ್ಟಿನಿಂದ ತೆಗೆಸಿ ಅವರ ತೊಡೆಯ ಮೇಲೆ ಹರಡಿ, ಹೆಬ್ಬೆರಳನ್ನು ಆನೆಯ ಕಾಲ ಮೇಲಿಟ್ಟೆ. ಬಹಳ ಹೊತ್ತು ಹುಡುಕಿದರು.

“ತೂತು ಎಲ್ಲಿ ಐತ್ರಿ?”

“ಮುಚ್ಚಿಸಿಬಿಟ್ಟೇನ್ರಿ, ಸಾವ್ಕಾರ್ರ.”

“ಮುಚ್ಚಿಸಿದ್ರ ಕೈಗೆ ಹತ್ತಬೇಕಲ್ರಿ.” ನನ್ನ ಕೈ ತಟ್ಟಿದರು. “ಮುದುಕನ ಸಮಾಧಾನಕ್ಕ ಸುಳ್ಳು ಹೇಳಾಕ ಬಂದೀರಿ. ಇರಲಿ, ಚಹಾ ಕುಡದು ಹೋಗ್ರಿ.”

ಆ ಅಜ್ಜಿಯೂ ಈಗಿಲ್ಲ, ರಫೂ ಮಾಡಿದವರೂ ಇಲ್ಲ. ನನ್ನ ಮಾತಿಗೆ ಉಳಿದಿದ್ದ ಒಂದೇ ಸಾಕ್ಷಿಯನ್ನು ನಾನೇ ಮುಚ್ಚಿಸಿದ್ದೆ. ಇನ್ನೊಬ್ಬರ ವಸ್ತುವಿನಲ್ಲಿ ಯಾವುದು ಕೊರತೆ ಎಂದು ತೀರ್ಮಾನಿಸುವ ಹಕ್ಕು ನಮಗಿಲ್ಲವೆಂದು ಆ ನೌಕರಿ ನನಗೆ ಕಲಿಸಿತು, ತಡವಾಗಿ.

ಹೊರಟಾಗ ಸೀರೆ ಇನ್ನೂ ಅವರ ತೊಡೆಯ ಮೇಲೇ ಇತ್ತು.

“ರಾಮದುರ್ಗದ ಕಡೆ ಹೋದ್ರ ನೋಡ್ರಿ, ಕಾರಕೂನರ,” ಎಂದರು. “ಸಿಕ್ರ, ಹೆಂಗ ಐತಿ ಹಂಗ ತರ್ರಿ.”