ಕುಪ್ಪಸದ ಗಂಟಿನ ಕೆಳಗೆ

ಮರಿಲಿಂಗಮ್ಮನಿಗೆ ಹಟ ಬಂದದ್ದು ಅವಳ ಚಿಗವ್ವನಿಂದಲೇ, ಬೇರೆ ಯಾರಿಂದಲೂ ಅಲ್ಲ. ಹೆತ್ತವಳು ತೀರಿಕೊಂಡಾಗ ಮರಿಲಿಂಗಮ್ಮ ಇನ್ನೂ ತೆವಳುವ ಕೂಸು. ತಾಯಿಯ ತಂಗಿ ಬಸ್ಸಮ್ಮ ಆ ಕೂಸನ್ನು ಸೊಂಟಕ್ಕೇರಿಸಿಕೊಂಡು ಹುಣಸಗಿಗೆ ಬಂದಳು. ಆಗಷ್ಟೇ ಕಾಲುವೆಗೆ ನೀರು ಬಿಟ್ಟಿದ್ದರು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಸಸಿ ಹಚ್ಚುವ ಹೆಂಗಸರಿಗೆ ಎಲ್ಲಿಲ್ಲದ ಕರೆ. ಬಸ್ಸಮ್ಮ ಕೆಸರಿನಲ್ಲಿ ಬಗ್ಗಿ ಬಗ್ಗಿಯೇ ಹುಡುಗಿಯನ್ನು ಓದಿಸಿದಳು.

ಹುಡುಗಿ ಎಲೆಕ್ಟ್ರಾನಿಕ್ಸ್ ಓದಿ ಶಹಾಪುರದ ಒಂದು ಕಾಲೇಜಿನ ಲ್ಯಾಬಿಗೆ ಸೇರಿದಳು. ಅಲ್ಲಿ ಮೈಮೇಲೆ ತೊಟ್ಟುಕೊಂಡು ಓಡಾಡಬಹುದಾದ, ಎದೆಬಡಿತ ದಾಖಲಿಸುವ ಸಣ್ಣ ಯಂತ್ರ ಮಾಡುತ್ತಿದ್ದರು. ಅವಳ ಪಾಲಿಗೆ ಬಂದದ್ದು ಎಲೆಕ್ಟ್ರೋಡ್, ಅಂದರೆ ಚರ್ಮಕ್ಕೆ ತಾಗಿ ಕೂತು ಎದೆಯ ಸೂಕ್ಷ್ಮ ವಿದ್ಯುತ್ತನ್ನು ಹಿಡಿಯುವ ಬಿಲ್ಲೆ. ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ. "ಯಂತ್ರ ಎಷ್ಟ ಶಾಣ್ಯಾ ಇದ್ರೂ ಬಿಲ್ಲಿ ಸರಿಯಾಗಿ ಕುಂತಿಲ್ಲಂದ್ರ ಅದು ಕಿವುಡರಿ."

ಹೀಗಿರುವಾಗ ಬಸ್ಸಮ್ಮ ಒಂದು ದಿನ ಸಸಿ ಹಚ್ಚುತ್ತ ಹಚ್ಚುತ್ತಲೇ ಗದ್ದೆಯ ನೀರಿಗೆ ಮುಖ ಕೆಳಗಾಗಿ ಬಿದ್ದಳು. ಪಕ್ಕದ ಸಾಲಿನ ಮೋನಮ್ಮ ಎಳೆದು ಕೂರಿಸದಿದ್ದರೆ ಮೊಣಕಾಲುದ್ದದ ನೀರಿನಲ್ಲೇ ಕತೆ ಮುಗಿಯುತ್ತಿತ್ತು. ಎಚ್ಚರಾದವಳು ಮುಖದ ಕೆಸರು ಒರೆಸಿಕೊಂಡು, "ಏನಾಗ್ಯಾದ ನನಗ? ಬಿಸಲು ಬಡದದ," ಎಂದು ಮತ್ತೆ ಸಸಿ ಕೈಗೆತ್ತಿಕೊಂಡಳು. ಹುಣ್ಣಿಮೆ ಕಳೆಯುವುದರೊಳಗೆ ಇನ್ನೊಮ್ಮೆ ಬಿದ್ದಳು.

ಯಾದಗಿರಿಯ ಹೃದಯದ ಡಾಕ್ಟರು ಇಸಿಜಿ ತೆಗೆದರೆ ಎಲ್ಲ ನೆಟ್ಟಗೆ. "ನಡುನಡುವ ಎದಿ ನಿಲ್ಲತದ ಅಂತ ನನ್ನ ಸಂಶಯ ಅದರಿ," ಎಂದರು ಅವರು. "ಖರೆ ಆದ್ರ ಒಳಗ ಪೇಸ್‌ಮೇಕರ್ ಕೂಡಿಸಬಹುದು. ಆದ್ರ ಬರೇ ಸಂಶಯದ ಮ್ಯಾಲ ಎದಿ ಕೊಯ್ಯಾಕ ಬರಂಗಿಲ್ಲ. ಬೀಳೋ ಹೊತ್ತಿನ ಬಡಿತ ಹಿಡದು ತಂದು ಕೊಡ್ರಿ."

ಬೀಳುವುದು ಗದ್ದೆಯಲ್ಲಿ. ಮನೆಯಲ್ಲಿ ಕೂರು ಎಂದರೆ ಬಸ್ಸಮ್ಮ ಕೇಳುವ ಪೈಕಿಯಲ್ಲ. "ಮನ್ಯಾಗ ಕುಂತ್ರ ಕೈಕಾಲು ಹಿಡಕೊಂತಾವ," ಎನ್ನುವವಳು. ಮುಂದಿನ ಸಲ ಪಕ್ಕದ ಸಾಲಿನಲ್ಲಿ ಯಾರೂ ಇಲ್ಲದಿದ್ದರೆ? ಆ ಯೋಚನೆ ಮರಿಲಿಂಗಮ್ಮನ ಅನ್ನ ನಿದ್ದೆ ಎರಡನ್ನೂ ಕೆಡಿಸಿತು.

ಅವಳು ಗಟ್ಟಿ ಅಂಟಿನ, ತೆಳ್ಳನೆಯ ಬಿಲ್ಲೆ ಮಾಡಿದಳು. ಮೊದಲು ತನ್ನ ಎದೆಗೇ ಹಚ್ಚಿಕೊಂಡು ನೋಡಿದಳು. ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ, ಬಡಿತದ ಗೆರೆ ಮುತ್ತು ಪೋಣಿಸಿದ ಹಾಗೆ ಬಂತು. ಚಿಗವ್ವನ ಕೊರಳ ಕೆಳಗೆ ಹಚ್ಚಿ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಂಚು ಎದ್ದು, ಗೆರೆಯ ಬದಲು ಕೋಳಿ ಕೆದರಿದ ಗೀಚು. ಅಂಟು ಇನ್ನೂ ಬಿಗಿ ಮಾಡಿದಳು. ಈ ಸಲ ಗೀಚೂ ಇಲ್ಲ, ಏನೂ ಇಲ್ಲ. ಬಿಲ್ಲೆ ತೆಗೆದು ನೋಡಿದರೆ ಜಿಡ್ಡು.

"ಭಾಳ ತುರಸಾಕತ್ತಿತ್ತು. ಬಿಲ್ಲಿ ಎಬ್ಬಿಸಿ ತಳಕ ಔಡಲೆಣ್ಣಿ ಹಚ್ಚೀನಿ, ತಂಪಾಗ್ಲಿ ಅಂತ," ಎಂದಳು ಬಸ್ಸಮ್ಮ, ದೊಡ್ಡ ಉಪಕಾರ ಮಾಡಿದವಳಂತೆ.

ಎಣ್ಣೆ ವಿದ್ಯುತ್ತಿಗೆ ಅಡ್ಡಗೋಡೆ ಎಂದು ಹೇಳಲು ಬಾಯಿ ತೆರೆದ ಮರಿಲಿಂಗಮ್ಮ ಚಿಗವ್ವನ ಎದೆಯ ಮೇಲೆದ್ದ ಗುಳ್ಳೆಗಳನ್ನು ಕಂಡು ಬಾಯಿ ಮುಚ್ಚಿಕೊಂಡಳು. ತನ್ನ ಮೇಲೆಯೇ ಸಿಟ್ಟು ಬಂತು. ಮರುದಿನ ರಜೆ ಹಾಕಿ ಗದ್ದೆಗೆ ತಾನೂ ಹೋದಳು.

ಕೆಸರಿಗಿಳಿಯುವ ಮೊದಲು ಬಸ್ಸಮ್ಮ ಕುಪ್ಪಸದ ಎರಡೂ ತುದಿಗಳನ್ನು ಎದೆಯ ಕೆಳಗೆ ಹಿಡಿದು, ಉಸಿರು ಬಿಟ್ಟು, ಎಳೆದು ಗಂಟು ಹಾಕಿದಳು. ಹುಣಸಗಿಯ ಹಳೆಯ ಹೆಂಗಸರು ಕಟ್ಟುವುದೇ ಹಾಗೆ. ಮರಿಲಿಂಗಮ್ಮ ಮಾತ್ರ ಕಾಲೇಜು ಸೇರಿದಂದಿನಿಂದ ಗುಂಡಿಯ ಜಂಪರಿನವಳು. ಬುತ್ತಿ ಉಣ್ಣಲು ಕೂತಾಗ ಅವಳು ಗಂಟಿನಿಂದ ಬಿಗಿದ ಚಿಗವ್ವನ ಕುಪ್ಪಸದ ಪಟ್ಟಿಯೊಳಗೆ ಬೆರಳು ತೂರಿಸಿದಳು. ಬೆರಳು ಹೋಗಲೊಲ್ಲದಷ್ಟು ಬಿಗಿ, ಒಳಗೆಲ್ಲ ಒದ್ದೆ. ಇಷ್ಟು ದಿನ ಬೆವರಿನ ಮೇಲೆ ಕತ್ತಿ ಮಸೆದದ್ದೇ ತಪ್ಪು ಎಂದು ಅವಳಿಗೆ ಅಲ್ಲೇ ಹೊಳೆಯಿತು. ಬೆವರೆಂದರೆ ಉಪ್ಪುನೀರು, ವಿದ್ಯುತ್ತಿಗೆ ಅದೇ ದಾರಿ. ಒತ್ತಿ ಹಿಡಿಯಲು ಗಂಟು ಇರುವಾಗ ಅಂಟು ಏಕೆ ಬೇಕು?

ಸುರಪುರದಲ್ಲಿ ಕುಪ್ಪಸ ಹೊಲಿಯುವ ಚಮನಬೀ, ಮರಿಲಿಂಗಮ್ಮ ಬಿಲ್ಲೆಗೆಂದು ತಂದ, ವಿದ್ಯುತ್ತು ಹರಿಯುವ ಬೆಳ್ಳಿ ಎಳೆಯ ಬಟ್ಟೆ ಕಂಡು ನಕ್ಕಳು. "ಮದಲಗಿತ್ತಿಗೂ ನಾ ಬೆಳ್ಳಿ ಹಚ್ಚಿ ಹೊಲದಿಲ್ಲ. ಈ ಮುದುಕಿಗಿ ಮತ್ತ ಮದಿವಿ ಹೂಡೀರೇನು?"

ನಕ್ಕರೂ ಕೆಲಸ ಅಚ್ಚುಕಟ್ಟು. ಪಟ್ಟಿಯ ಒಳಬದಿಗೆ, ಎಡಬಲ ಪಕ್ಕೆಲುಬುಗಳ ಮೇಲೆ ಕೂರುವಂತೆ ಎರಡು ಬಿಲ್ಲೆ, ಅವುಗಳ ಬೆನ್ನಿಗೆ ತೆಳು ಸ್ಪಂಜು. ಮೊದಲನೆಯದು ಒಗೆತದಲ್ಲಿ ಬಿಚ್ಚಿಹೋಯಿತು. ಎರಡನೆಯದರ ಹೊಲಿಗೆ ಮೈ ಕೊರೆಯಿತು. ಆಮೇಲಿನದು ಬಗ್ಗಿದರೂ ಎದ್ದರೂ ಗೆರೆ ಕೆಡಿಸಲಿಲ್ಲ, ಮತ್ತು ಬಸ್ಸಮ್ಮ ಅದನ್ನು ತೊಟ್ಟದ್ದನ್ನೇ ಮರೆತಳು. ಮರಿಲಿಂಗಮ್ಮ ಲ್ಯಾಬಿನಲ್ಲೆಲ್ಲ ಪೇಡಾ ಹಂಚಿದಳು.

ಆ ವಾರದ ಕೊನೆಗೆ ಮೋನಮ್ಮನ ಫೋನು ಬಂತು. ಬಸ್ಸಮ್ಮ ಬದುವಿನ ಮೇಲೆ ಬಿದ್ದಿದ್ದಳು. ಹಣೆ ಒಡೆದಿತ್ತು, ಎಚ್ಚರ ಬಂದಿತ್ತು. ಮರಿಲಿಂಗಮ್ಮ ಹುಣಸಗಿಗೆ ಓಡಿ ಬಂದು, ಹಾಸಿಗೆಯ ಪಕ್ಕದಲ್ಲೇ ಯಂತ್ರ ತೆರೆದಳು. ಬಡಿತ, ಬಡಿತ, ಬಡಿತ. ಆಮೇಲೆ ಗೆರೆ ಮಲಗಿತ್ತು.

ಬಿಲ್ಲೆ ಬಿಟ್ಟಿರಬೇಕು ಎಂದುಕೊಂಡಳು. ಬಿಟ್ಟಿರಲಿ, ನನ್ನ ಕೆಲಸ ಹಾಳಾಗಿ ಹೋಗಲಿ, ಇದು ಬಿಟ್ಟದ್ದೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಆದರೆ ಬಿಟ್ಟ ಬಿಲ್ಲೆ ಗೀಚುತ್ತದೆ, ಅದು ಅವಳಿಗೆ ಗೊತ್ತು. ಇಲ್ಲಿ ಗೀಚಿಲ್ಲ. ದೊಡ್ಡ ಏರುಗಳಷ್ಟೇ ಮಾಯ. ಪ್ರತಿ ಏರಿಗೂ ಮೊದಲು ಬರುವ ಸಣ್ಣ ಸಣ್ಣ ದಿಬ್ಬಗಳು ಮಾತ್ರ ತಪ್ಪದೆ ಸಾಗಿದ್ದವು. ಅವಳು ಯಂತ್ರ ಎತ್ತಿಕೊಂಡು ಯಾದಗಿರಿಗೆ ಹೊರಟಳು.

ಡಾಕ್ಟರೂ ಮೊದಲು ಅದನ್ನೇ ಕೇಳಿದರು. "ಬಿಲ್ಲಿ ಬಿಟ್ಟಿತ್ತೇನ್ರಿ?"

"ಇಲ್ರಿ," ಎಂದಳು. ಗೆರೆಯ ಮೇಲೆ ಬೆರಳಿಟ್ಟಳು. "ಸಣ್ಣ ದಿಬ್ಬ ನೋಡ್ರಿ. ಬಿಟ್ಟಿದ್ರ ಅವು ಬರ್ತಿದ್ದಿಲ್ಲ."

ಡಾಕ್ಟರು ಬಹಳ ಹೊತ್ತು ನೋಡಿದರು. "ಹೌದು. ಎದಿಯ ಮ್ಯಾಲಿನ ಭಾಗ ಕರ್ಯಾಕತ್ತದ, ತಳಗಿಂದು ಓಗೊಡವಲ್ದು. ನನಗ ಇಷ್ಟ ಸಾಕು. ಇವತ್ತ ಕಲಬುರ್ಗಿಗಿ ಕರಕೊಂಡು ಹೋಗ್ರಿ."

ಪೇಸ್‌ಮೇಕರ್ ಕೂಡಿಸಿದ ಮರುದಿನ, ವಾರ್ಡಿನಲ್ಲಿ ಗಂಜಿ ಕುಡಿಸುತ್ತ ಮರಿಲಿಂಗಮ್ಮ ಅತ್ತುಬಿಟ್ಟಳು. "ಬಿಲ್ಲಿ ಬಿಟ್ಟಿರ್ಲಿ ಅಂತ ಬೇಡಿಕೊಂಡೆ ಚಿಗವ್ವ. ನಾ ಮಾಡಿದ್ದು ಸುಳ್ಳಾಗ್ಲಿ ಅಂತ."

ಬಸ್ಸಮ್ಮ ಚಮಚ ಸರಿಸಿ ಅವಳ ಕೆನ್ನೆ ಒರೆಸಿದಳು.

"ಹ್ಯಾಂಗ ಬಿಡ್ತದ ಹುಚ್ಚಿ? ಗಂಟು ಹಾಕಿದಾಕಿ ನಾನು."