ಸಿನಿಮಾದಲ್ಲಿ ಇಲ್ಲದ ಮಾತು

ನಾನು ಸುಳ್ಳು ಹೇಳಿದೆ. ಒಂದೇ ಒಂದು ಮಾತು — ಅದೂ ಜಪಾನಿನ ಒಬ್ಬ ಮುದುಕ ಹೇಳಿದನೆಂದು. ಅದನ್ನು ನಂಬಿ ನನ್ನ ಗೆಳೆಯ ನಯಾಜ್ ತಾನು ಬರೆದ ಚಿತ್ರಗಳನ್ನೆಲ್ಲ ಸುಟ್ಟುಬಿಟ್ಟ.

ಆರ್.ಟಿ. ನಗರದಲ್ಲಿ ನಾವಿಬ್ಬರೂ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದೆವು. ಭಾನುವಾರ ನಯಾಜ್ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕೂತು ಹಕ್ಕಿಗಳ ಚಿತ್ರ ಬರೆಯುತ್ತಿದ್ದ. ಪಕ್ಕದಲ್ಲಿ ನಾನೂ ಬರೆಯುತ್ತಿದ್ದೆ. ಒಮ್ಮೆ ಚಿತ್ರಕಲೆಯ ಮೇಷ್ಟ್ರೊಬ್ಬರು ಇಬ್ಬರದ್ದನ್ನೂ ನೋಡಿದರು. ಅವನ ಚಿತ್ರಗಳನ್ನು ಪ್ರದರ್ಶನಕ್ಕಿಡೋಣ ಎಂದರು. ಆಮೇಲೆ ನನ್ನ ಚಿತ್ರದ ಕೆಳಗೆ ಬರೆದಿದ್ದ ಹೆಸರು ನೋಡಿ, "ನಿಮ್ಮ ಅಕ್ಷರ ಚೆನ್ನಾಗಿದೆ" ಎಂದರು.

ಅದೇ ವಾರ ಹೆಬ್ಬಾಳದ ಒಂದು ಫಿಲ್ಮ್ ಸೊಸೈಟಿಯಲ್ಲಿ ಆ ಸಿನಿಮಾ ನೋಡಿದೆವು. ಹಳೇ ಕಾಲದ ಜಪಾನಿನ ಚಿತ್ರಕಾರನೊಬ್ಬನ ಬದುಕು. ಅವನು ಬರೆದ ಕುದುರೆಗಳು ಗೋಡೆಯಿಂದ ಇಳಿದು ಮನೆಯೊಳಗೇ ನೀರು ಕುಡಿಯುತ್ತವೆ. ಒಂದೊಂದು ಚಿತ್ರ ಮುಗಿದಾಗಲೂ ಅವನ ಮುಖ ಇಷ್ಟಿಷ್ಟೇ ಅಳಿಸಿಹೋಗುತ್ತದೆ. ನಯಾಜನಿಗೆ ಇಂಗ್ಲಿಷ್ ಬಾರದು. ಪರದೆಯ ಕೆಳಗಿನ ಸಾಲುಗಳನ್ನು ನಾನೇ ಓದಿ, ಅವನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಕೊನೆಗೆ, ಸಾಯುವ ಮುನ್ನ, ಮುದುಕ ಹೆಂಡತಿಗೆ ಹೇಳುತ್ತಾನೆ — ಹೊಸ ಕಾಗದ ತಾ, ನನ್ನ ಕೈ ಪಳಗಿದ್ದೇ ಈಗ.

"ಏನಂದ?" ನಯಾಜನ ಕಣ್ಣು ಒದ್ದೆಯಾಗಿತ್ತು.

"ಎಲ್ಲಾ ಸುಟ್ಟಾಕು, ನಾನ್ ಬರ್ದಿದ್ದು ಒಂದೂ ಚಿತ್ರ ಅಲ್ಲ, ಅಂದ."

ಯಾಕೆ ಹಾಗೆಂದೆ — ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಬಸ್‌ಸ್ಟಾಪಿನಲ್ಲಿ ಅವನು, "ಅಂಥೋನೇ ಹಂಗಂದ್ಮೇಲೆ ನಮ್ದೆಲ್ಲ ಏನ್ ಗುರು?" ಎಂದ. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಬಸ್ಸಿನ ನಂಬರ್ ನೋಡುತ್ತ ನಿಂತೆ.

ಮೂರನೇ ದಿನ ತಾರಸಿಯ ಮೇಲೆ ಎಲ್ಲವನ್ನೂ ಸುಟ್ಟ. ಮೇಷ್ಟ್ರು ಬಂದು ಬರಿಗೈಲಿ ಹೋದರು. ಅಲ್ಲಿಂದ ಹದಿಮೂರು ವರ್ಷ ತಣಿಸಂದ್ರದ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರುಗಳನ್ನು ಮರದ ಚೌಕಟ್ಟಿಗೆ ಬಡಿಯುತ್ತಿದ್ದ. ಕುಂಚ ಮುಟ್ಟಲಿಲ್ಲ. ಎಷ್ಟೋ ಸಂಜೆ ಒಟ್ಟಿಗೆ ಟೀ ಕುಡಿದೆವು — ಒಂದು ಸಲವೂ ನಿಜ ಹೇಳಲಿಲ್ಲ.

ಈ ವರ್ಷ ನಯಾಜ್ ತೀರಿಕೊಂಡ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಅವನ ಹೆಂಡತಿ ರೇಷ್ಮಾ ಅವರ ಮುಂದೆ ಕೂತು ಎಲ್ಲ ಹೇಳಿದೆ. ಕೇಳಿಸಿಕೊಂಡು ಅವರೆಂದರು:

"ಆಸ್ಪತ್ರೇಲಿ ಹಾಸಿಗೆ ಮೇಲೆ ಬೆರಳಲ್ಲಿ ಏನೋ ಬರೀತಿದ್ರು. ಏನ್ರೀ ಅದು ಅಂತ ಕೇಳ್ದೆ. ತಕ್ಷಣ ಕೈ ಹೊದಿಕೆ ಒಳಗೆ ಎಳ್ಕೊಂಡ್ರು. ನಾಚ್ಕೊಂಡ್ರು ಅಣ್ಣಾ, ಕಳ್ಳತನ ಮಾಡ್ದೋರ ಥರ."

ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.